ಒಂದು ವಾಕ್ಯದ ನಿಯಮ

ಸ್ವಂತ ಬಳಕೆಯ ಹಳೆ ಸಾಮಾನು ಮಾರಿದರೆ, ಅದು ಒಡವೆ ಅಲ್ಲದಿದ್ದರೆ, ಬಂದ ಲಾಭಕ್ಕೆ ಆದಾಯ ತೆರಿಗೆ ಇಲ್ಲ, ಫಾರ್ಮಿನಲ್ಲಿ ಬರೆಯುವ ಅಗತ್ಯವೂ ಇಲ್ಲ. ಸಂತೆಯಲ್ಲಿ ಮಾರಿದರೂ ಅಷ್ಟೆ, ಇಂಟರ್ನೆಟ್ಟಿನಲ್ಲಿ ಮಾರಿದರೂ ಅಷ್ಟೆ. ನಾನು ಹುಬ್ಬಳ್ಳಿಯಲ್ಲಿ ತೆರಿಗೆ ಫಾರ್ಮು ತುಂಬಿಕೊಡುವ ಕೆಲಸ ಮಾಡುತ್ತಿದ್ದ ಕಾಲಕ್ಕೆ ನಿಯಮ ಇಷ್ಟೇ ಇತ್ತು. ಹೇಳಲು ಅರ್ಧ ನಿಮಿಷ ಸಾಕು. ಒಬ್ಬರಿಗೆ ಇದನ್ನು ಹೇಳಲು ನಾನು ಎಂಟು ತಿಂಗಳು ತೆಗೆದುಕೊಂಡೆ.

ನನ್ನ ಆಫೀಸು ಗೋಕುಲ ರಸ್ತೆಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿತ್ತು. ಗಿರಣಿ ತಿರುಗುವಾಗ ಟೇಬಲ್ಲು ಸಣ್ಣಗೆ ನಡುಗುತ್ತಿತ್ತು, ಫೈಲುಗಳ ಮೇಲೆ ಯಾವಾಗಲೂ ಹಿಟ್ಟಿನ ಧೂಳು. ತೊಂಬತ್ತರ ದಶಕದ ಮೊದಲಿಗೆ ಅಲ್ಲಿ ಬೋರ್ಡು ಹಾಕಿದಾಗ ಬರುತ್ತಿದ್ದವರು ಹೆಚ್ಚಾಗಿ ಅಮರಗೋಳದ ಮಾರ್ಕೆಟ್ಟಿನ ಹತ್ತಿ, ಶೇಂಗಾ, ಮೆಣಸಿನಕಾಯಿ ವ್ಯಾಪಾರಿಗಳು. ವರ್ಷವಿಡೀ ಮುಖ ತೋರಿಸದವರು ಕೊನೆಯ ದಿನ ಪ್ಲಾಸ್ಟಿಕ್ ಚೀಲದ ತುಂಬ ಚೀಟಿ ತಂದು ಟೇಬಲ್ಲಿನ ಮೇಲೆ ಸುರಿದು, “ಏನಾರ ಮಾಡಿ ಮುಗಿಸಿಬಿಡ್ರಿ ವಕೀಲರ” ಅನ್ನುತ್ತಿದ್ದರು. ನಾನು ವಕೀಲನಲ್ಲ. ತೆರಿಗೆ ಕೆಲಸ ಮಾಡುವವರನ್ನೆಲ್ಲ ನಮ್ಮ ಕಡೆ ವಕೀಲರು ಎಂದೇ ಕರೆಯುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೆ. ಏನಾದರೂ ಮಾಡಿ ಮುಗಿಸುವುದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ.

ನನ್ನದು ಸಿಡುಕು ಸ್ವಭಾವ, ಅದನ್ನು ಮುಚ್ಚಿಡುವುದಿಲ್ಲ. ಕಾಗದದಲ್ಲಿ ತಪ್ಪು ಕಂಡರೆ ಹೇಳದೆ ಇರಲು ಆಗುವುದಿಲ್ಲ. ವಯಸ್ಸಿನಲ್ಲಿದ್ದಾಗ ಎರಡು ಕಡೆ ಹೆಣ್ಣು ನೋಡಲು ಹೋಗಿದ್ದೆ. ಎರಡನೆಯ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತ, ಹುಡುಗಿಯ ತಂದೆ ಹೆಮ್ಮೆಯಿಂದ ತೋರಿಸಿದ ತೆರಿಗೆ ಕಾಗದದಲ್ಲಿ ತಪ್ಪು ಹುಡುಕಿ ಹೇಳಿಬಿಟ್ಟೆ. ಚಹಾ ಬರುವುದರೊಳಗೆ ಆ ಸಂಬಂಧ ಮುರಿದಿತ್ತು. ಆಮೇಲೆ ಯಾರೂ ನನಗೆ ಹೆಣ್ಣು ತೋರಿಸಲಿಲ್ಲ, ನಾನೂ ಕೇಳಲಿಲ್ಲ. ನಲವತ್ತು ದಾಟುವ ಹೊತ್ತಿಗೆ ಒಬ್ಬನೇ ಅಡುಗೆ ಮಾಡಿಕೊಂಡು, ಒಬ್ಬನೇ ಉಂಡು, ಒಬ್ಬನೇ ಪಾತ್ರೆ ತೊಳೆಯುವುದು ಅಭ್ಯಾಸವಾಗಿ ಹೋಗಿತ್ತು.

ನಾನು ಎಂಟು ತಿಂಗಳು ಕಾಯಿಸಿದ ಆ ಹೆಣ್ಣುಮಗಳು ಮೊದಲ ಸಲ ಬಂದದ್ದು ಎರಡು ಸಾವಿರದ ಆರರ ಸುಮಾರಿಗೆ, ದಸರಾ ಮುಗಿದ ಮೇಲಿನ ಒಂದು ಶನಿವಾರ. ಶನಿವಾರ ಬೆಳಗಿನ ಸಾಲಿ ಮುಗಿಸಿ ಧಾರವಾಡದಿಂದ ಬಸ್ಸು ಹಿಡಿದು ಬಂದಿದ್ದರು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವರು; ಅವರ ಹೆಡ್‌ಮಾಸ್ತರರ ಫಾರ್ಮು ನಾನೇ ತುಂಬುತ್ತಿದ್ದೆನಾದ್ದರಿಂದ ನನ್ನ ವಿಳಾಸ ಸಿಕ್ಕಿತ್ತು. ಕುರ್ಚಿಯ ಮೇಲಿನ ಹಿಟ್ಟನ್ನು ಕರವಸ್ತ್ರದಿಂದ ಒರೆಸಿ, ಕರವಸ್ತ್ರವನ್ನು ಕಿಟಕಿಯ ಹೊರಗೆ ಜಾಡಿಸಿ, ಮಡಚಿಟ್ಟುಕೊಂಡು ಆಮೇಲೆ ಕೂತರು. ಹದಿನೈದು ವರ್ಷದಲ್ಲಿ ಆ ಕುರ್ಚಿಯನ್ನು ಒರೆಸಿ ಕೂತವರು ಅವರೊಬ್ಬರೇ.

“ಒಂದು ರೇಡಿಯೋ ಮಾರೇನ್ರಿ,” ಅಂದರು, “ಕಂಪ್ಯೂಟರಿನ್ಯಾಗ.”

ಅವರ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಸರ್ವೆ ಇಲಾಖೆಯಲ್ಲಿದ್ದ ಮನುಷ್ಯ, ಸಾಮಾನು ಕೂಡಿಡುವ ಹುಚ್ಚಿನವರು. ಮನೆಯ ಮೇಲಿನ ಖೋಲಿಯ ತುಂಬ ಅವರ ವಸ್ತುಗಳು. ಅದನ್ನು ಖಾಲಿ ಮಾಡಿ, ಒಂದು ಬಚ್ಚಲು ಕಟ್ಟಿಸಿ, ಪರೀಕ್ಷೆಗೆ ಓದಲು ಧಾರವಾಡಕ್ಕೆ ಬರುವ ಹೆಣ್ಣುಮಕ್ಕಳಿಗೆ ಬಾಡಿಗೆಗೆ ಕೊಡಬೇಕೆಂದು ಇವರು ನಿರ್ಧರಿಸಿದ್ದರು. ಆಗ ಹಳೆ ಸಾಮಾನು ಮಾರುವ ವೆಬ್‌ಸೈಟುಗಳು ಹೊಸದಾಗಿ ಬಂದಿದ್ದವು. ಸೈಬರ್ ಕೆಫೆಯಲ್ಲಿ ಕೂತು, ಫೋಟೋ ಹಾಕಿ, ರೇಡಿಯೋವನ್ನು ಪುಣೆಯ ಒಬ್ಬರಿಗೆ ಮಾರಿದ್ದರು.

“ಪೇಪರ್‌ನ್ಯಾಗ ಬಂದಿತ್ರಿ, ಕಂಪ್ಯೂಟರಿನ್ಯಾಗ ಮಾರಿದ್ದೆಲ್ಲಾ ಸರಕಾರಕ್ಕ ಕಾಣತದಂತ. ಜುಲೈದಾಗ ಫಾರ್ಮ್ ತುಂಬುವಾಗ ಇದನ್ನ ಬರೀಬೇಕೇನ್ರಿ? ನಮ್ಮನಿಯವರು ಒಂದು ಪೈಸೆ ತಪ್ಪು ಮಾಡಿದವರಲ್ಲ. ಅವರ ಸಾಮಾನಿನ ಮ್ಯಾಲೆ ತಕರಾರು ಬರಬಾರದು.”

ಈ ಪ್ರಶ್ನೆಗೆ ಕಾನೂನು ಮೊದಲು ಕೇಳುವುದು ಒಂದೇ ಮಾತು: ವಸ್ತು ಖರೆಯಾಗಿಯೂ ಸ್ವಂತ ಬಳಕೆಯಲ್ಲಿತ್ತೇ? ಆದ್ದರಿಂದ ನಾನೂ ಅದನ್ನೇ ಕೇಳಿದೆ.

“ರೇಡಿಯೋ ದಿನಾ ಬಳಸತಿದ್ರೇನ್ರಿ?”

ಬೇರೆಯವರಾಗಿದ್ದರೆ ಹೌದು ಅನ್ನುತ್ತಿದ್ದರು. ಇವರು ಕಥೆ ಶುರು ಮಾಡಿದರು. ಯಜಮಾನರು ದಿನಾ ರೈತರ ಕಾರ್ಯಕ್ರಮ ಕೇಳುತ್ತಿದ್ದರಂತೆ. ಇವರು ರೊಟ್ಟಿ ಬಡಿಯುತ್ತ ಕೂತಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, ಈ ವಾರ ತೊಗರಿಗೆ ಯಾವ ಹುಳ ಬಿದ್ದಿದೆ, ಯಾವ ಔಷಧಿ ಹೊಡೆಯಬೇಕು ಎಂದು ವರದಿ ಒಪ್ಪಿಸುತ್ತಿದ್ದರಂತೆ. “ನಮಗ ಒಂದು ಗುಂಟೆ ಹೊಲ ಇಲ್ರಿ,” ಅಂದು ನಕ್ಕರು. ನಗು ಮುಗಿದ ಮೇಲೂ ಮುಖದಲ್ಲಿ ಅದು ಸ್ವಲ್ಪ ಹೊತ್ತು ಉಳಿದಿತ್ತು.

ಕಾಲು ಗಂಟೆ ಮಾತಾಡಿದರು. ನನ್ನ ಆಫೀಸಿನಲ್ಲಿ ಯಾರೂ ಅಷ್ಟು ಹೊತ್ತು, ಏನನ್ನೂ ಕಡಿಮೆ ಮಾಡಿಕೊಡಿ ಎಂದು ಕೇಳದೆ, ಮಾತಾಡಿದ್ದಿಲ್ಲ. ಅವರು ಮುಗಿಸಿದಾಗ ಆ ಒಂದು ವಾಕ್ಯ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಅವರು ಎದ್ದು ಹೋಗುತ್ತಿದ್ದರು, ಮತ್ತೆ ಬರಲು ಕಾರಣ ಇರುತ್ತಿರಲಿಲ್ಲ.

“ನೋಡಬೇಕಾಗ್ತದ್ರಿ,” ಅಂದೆ. “ಮುಂದಿನ ಶನಿವಾರ ಬರ್ರಿ.”

ಕಾನೂನಿನ ವಿಷಯದಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಹೇಳಿದ ಮೇಲೆ ಪಶ್ಚಾತ್ತಾಪ ಆಗಬೇಕಿತ್ತು. ಆಗಲಿಲ್ಲ. ಸಂಜೆ ಹೋಗಿ ಎರಡು ಹೊಸ ಅಂಗಿ ಕೊಂಡೆ.

ಮುಂದಿನ ಶನಿವಾರದ ಹೊತ್ತಿಗೆ ಯಜಮಾನರ ಸೈಕಲ್ಲು ಮಾರಾಟವಾಗಿತ್ತು. ಹೊಸ ವಸ್ತು ಬಂದ ಮೇಲೆ ಹೊಸದಾಗಿ ನೋಡಲೇಬೇಕಲ್ಲ. ನಾನು ಒಂದು ರಿಜಿಸ್ಟರು ತೆಗೆದೆ; ವಸ್ತು, ಕೊಂಡ ವರ್ಷ, ಬಳಕೆ ಎಂದು ಗೆರೆ ಎಳೆದೆ. ಮೊದಲೆರಡು ಕಾಲಮ್ಮು ಬೆರಳಗಲ, ಬಳಕೆಯದ್ದು ಅರ್ಧ ಪುಟ. ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಮದುವೆಯಾದ ಹೊಸದರಲ್ಲಿ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸಾಲಿಗೆ ಬಿಡುತ್ತಿದ್ದರಂತೆ. “ಏರು ಬಂದಾಗ ನಾ ಇಳೀತಿದ್ದೆ. ಅವರು ಇಳೀತಿರಲಿಲ್ಲ. ಸೀಟಿನ ಮ್ಯಾಲೇ ಕೂತು ತುಳಕೋತ ನನ್ನ ಜೋಡಿ ಸಾವಕಾಶ ಬರತಿದ್ರು.” ಅದನ್ನೂ ಬರೆದೆ. ಯಾವ ಕಾಯ್ದೆಯ ಯಾವ ಕಲಮಿಗೂ ಅದು ಬೇಕಿರಲಿಲ್ಲ.

ಧಾರವಾಡದ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾರು ಅನ್ನುವುದು ವಾಡಿಕೆ. ನನಗೆ ಬಾಯಿ ಬರಲಿಲ್ಲ. ಮೇಡಂ ಎಂದು ಕರೆದೆ. ಅವರು ಎಲ್ಲರಂತೆ ವಕೀಲರ ಅನ್ನುತ್ತಿದ್ದರು, ಅವರ ಬಾಯಲ್ಲಿ ಅದನ್ನು ತಿದ್ದಬೇಕು ಅನ್ನಿಸಲೇ ಇಲ್ಲ.

ಫೀ ಎಷ್ಟು ಎಂದು ಮೂರನೆಯ ಸಲ ಕೇಳಿದಾಗ, ಕೆಲಸ ಮುಗಿದ ಮೇಲೆ ನೋಡೋಣ ಅಂದೆ. ಅದಕ್ಕೆ ನಾಲ್ಕನೆಯ ಸಲ ಒಂದು ಸ್ಟೀಲಿನ ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ ತಂದರು. ಡಬ್ಬಿಯನ್ನು ಖಾಲಿ ಮರಳಿಸಬಾರದು ಎನ್ನುವುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ನನ್ನ ಮನೆಯಲ್ಲಿ ಹಾಕಿಕೊಡಲು ಏನಿರುತ್ತದೆ? ಕೆಳಗೆ ಗಿರಣಿಗೆ ಹೋಗಿ ಅರ್ಧ ಕಿಲೋ ಗೋದಿ ಹಿಟ್ಟು ತುಂಬಿಸಿ ತಂದೆ. ಅವರು ಮುಚ್ಚಳ ತೆಗೆದು ನೋಡಿ, “ಹಿಟ್ಟು ಕೊಡೋ ವಕೀಲರನ್ನ ಇದೇ ಮೊದಲ ಸಲ ನೋಡಾಕತ್ತೇನಿ” ಅಂದು, ಬಾಯಿಗೆ ಸೆರಗು ಹಿಡಿದು ನಕ್ಕರು. ಮುಂದಿನ ಸಲದಿಂದ ನಾನು ಸಕ್ಕರೆ ತಂದಿಟ್ಟುಕೊಂಡೆ. ಡಬ್ಬಿ ಹೀಗೆ ಧಾರವಾಡ ಹುಬ್ಬಳ್ಳಿ ಓಡಾಡತೊಡಗಿತು.

ನನಗೆ ಅವರ ಮೇಲೆ ಪ್ರೀತಿ ಹುಟ್ಟಿತ್ತು. ಇದಕ್ಕೆ ಬೇರೆ ಮಾತು ಹುಡುಕುವುದಿಲ್ಲ. ಭಾನುವಾರದಿಂದಲೇ ಶನಿವಾರದ ದಾರಿ ಕಾಯುತ್ತಿದ್ದೆ. ಎರಡು ಗಂಟೆಗೆ ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸಪ್ಪಳ ಕೇಳಿದರೆ ಎದುರಿಗಿದ್ದ ವ್ಯಾಪಾರಿಯನ್ನು ಏನಾದರೂ ನೆಪ ಹೇಳಿ ಎಬ್ಬಿಸುತ್ತಿದ್ದೆ. ತಮಾಷೆಯೆಂದರೆ, ಅವರನ್ನು ಕರೆಸಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಒಂದೇ ಪ್ರಶ್ನೆ, ಆ ಪ್ರಶ್ನೆಗೆ ಅವರು ಕೊಡುತ್ತಿದ್ದ ಉತ್ತರವೆಲ್ಲ ಯಜಮಾನರ ಬಗ್ಗೆ. ಬೀದಿ ದೀಪ ಕೆಟ್ಟಾಗಲೆಲ್ಲ ಮಹಾನಗರ ಪಾಲಿಕೆಗೆ ಅರ್ಜಿ ಬಡಿಯುತ್ತಿದ್ದ ಕನ್ನಡ ಟೈಪ್‌ರೈಟರು. ಮಳೆಗಾಲದಲ್ಲಿ ಬೂಸು ಹಿಡಿಯದಂತೆ ಅಕ್ಕಿಯ ಡಬ್ಬದಲ್ಲಿ ಹುಗಿದಿಡುತ್ತಿದ್ದ ಕ್ಯಾಮೆರಾ. ಕೆರೆಯ ಹಕ್ಕಿ ನೋಡಲು ಕೊಂಡ ದುರ್ಬೀನು. ದುರ್ಬೀನಿನ ದಿನ ಅವರು ನಾನು ಕೇಳುವ ಮೊದಲೇ ಹೇಳಿದರು.

“ಒಂದು ದಿನ ಸಾಲಿಯಿಂದ ಲಗೂ ಬಂದೆ. ಮ್ಯಾಲಿನ ಕಿಡಕಿಯಿಂದ ಅದನ್ನ ಹಿಡಕೊಂಡು ನೋಡಾಕತ್ತಿದ್ರು. ಯಾವ ಹಕ್ಕಿ ಅಂತ ಕೇಳಿದೆ. ನೀ ಓಣಿ ತಿರುಗಿದಾಗಿಂದ ನಿನ್ನನ್ನೇ ನೋಡಾಕತ್ತೇನಿ ಅಂದ್ರು.”

ಅದನ್ನು ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಸತ್ತ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಸಣ್ಣತನ ಎಂದು ಗೊತ್ತಿದ್ದೂ ಪಟ್ಟೆ. ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ, ನಾನೂ ಯಾರನ್ನೂ ನೋಡಿರಲಿಲ್ಲ, ಈಗ ನೋಡುತ್ತಿದ್ದೆ. ಪ್ರತಿ ಶನಿವಾರ ಅವರು ಹೊರಟ ಮೇಲೆ ಕಿಟಕಿಯಲ್ಲಿ ನಿಂತು ಬಸ್ ಸ್ಟಾಪಿನವರೆಗೂ ನೋಡುತ್ತಿದ್ದೆ, ದುರ್ಬೀನು ಇಲ್ಲದೆ.

“ಅಂತೂ ಏನು ಮಾಡೋದ್ರಿ?” ಎಂದು ಆಗಾಗ ಕೇಳುತ್ತಿದ್ದರು. ನಾನು ಬಜೆಟ್ ಬರಲಿ ಅಂದೆ. ಫೆಬ್ರುವರಿಯಲ್ಲಿ ಬಜೆಟ್ ಬಂತು, ಖರೆಯಾಗಿಯೂ ಒಂದು ಬದಲಾವಣೆ ತಂತು. ಅಲ್ಲಿಯವರೆಗೆ ಸ್ವಂತ ಬಳಕೆಯ ವಸ್ತುಗಳಿಂದ ಒಡವೆಯನ್ನು ಮಾತ್ರ ಹೊರಗಿಟ್ಟಿದ್ದರು. ಇನ್ನು ಮುಂದೆ ಚಿತ್ರ, ಶಿಲ್ಪ, ಕಲಾಕೃತಿಗಳೂ ಹೊರಗೆ, ಅವನ್ನು ಲಾಭಕ್ಕೆ ಮಾರಿದರೆ ಲೆಕ್ಕ ತೋರಿಸಬೇಕು. ರೇಡಿಯೋ, ಸೈಕಲ್ಲಿಗೆ ಇದರ ಸಂಬಂಧವೇ ಇರಲಿಲ್ಲ. ಆದರೂ “ಕಾಯ್ದೆ ಬದಲಾಗ್ಯದ್ರಿ, ಇನ್ನೊಮ್ಮೆ ಎಲ್ಲಾ ನೋಡಬೇಕು” ಅಂದೆ. ಅವರು ತಲೆಯಾಡಿಸಿದರು. ಅವರ ಮುಖ ಆ ದಿನ ಸಣ್ಣದಾಗಿತ್ತು. ನಾನು ಅದನ್ನು ಬಿಸಿಲಿನ ದಣಿವು ಅಂದುಕೊಂಡೆ.

ಜೂನಿನ ಒಂದು ಶನಿವಾರ ಅವರು ಶೇಂಗಾ ಉಂಡಿಯ ಡಬ್ಬಿಯ ಜೊತೆಗೆ ಒಂದು ದಪ್ಪ ನೋಟ್‌ಬುಕ್ಕನ್ನು ಟೇಬಲ್ಲಿನ ಮೇಲಿಟ್ಟರು. ಯಜಮಾನರು ಬಿಡಿಸಿದ ಹಕ್ಕಿಗಳ ಚಿತ್ರ, ಪೆನ್ಸಿಲ್ಲಿನಲ್ಲಿ, ಪುಟಪುಟವೂ ತುಂಬಿತ್ತು. ಚಲೋ ಕೈ ಇತ್ತು ಆ ಮನುಷ್ಯನದು, ಒಪ್ಪಿಕೊಳ್ಳಬೇಕು.

“ಖೋಲಿ ಖಾಲಿ ಆತ್ರಿ. ಇದೊಂದು ಉಳದದ. ಒಬ್ಬರು ಕೇಳ್ಯಾರ, ಚಲೋ ಬೆಲಿ ಕೊಡತಾರಂತ. ಮಾರಿದ್ರ ಬರೀಬೇಕೇನ್ರಿ?”

“ಬರೀಬೇಕ್ರಿ,” ಅಂದೆ. “ಚಿತ್ರ ಅಂದ್ರ ಈಗ ಲೆಕ್ಕ ತೋರಸಬೇಕು.”

ಮಾತು ತಾನಾಗಿಯೇ ಬಂದುಬಿಟ್ಟಿತು. ತೆರಿಗೆ ಬೀಳುವ ವಸ್ತುವಿಗೆ ನೋಡೋಣ ಅನ್ನುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ. ಅವರು ನೋಟ್‌ಬುಕ್ಕನ್ನು ಹತ್ತಿರಕ್ಕೆ ಎಳೆದುಕೊಂಡರು.

“ಹಂಗಾರ ಇದನ್ನ ಮಾರೂದಿಲ್ಲ. ಮಾರೋ ಮನಸ್ಸೂ ಇರಲಿಲ್ಲ.” ನನ್ನ ಮುಖ ನೋಡಿದರು. “ಇದನ್ನ ನೀವು ಕಾಯ್ದೆ ಪುಸ್ತಕ ತೆಗೀಲಾರದ ಹೇಳಿದ್ರಿ. ಉಳದದ್ದನ್ನ ಯಾಕ ಹೇಳಲಿಲ್ಲ?”

ಮೂವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದವರ ಕಣ್ಣು ಅದು. ಕೆಳಗೆ ಗಿರಣಿ ನಿಂತಿತ್ತು, ಎಲ್ಲಾ ಬಿಟ್ಟು ಆಗಲೇ ಕರೆಂಟು ಹೋಗಿತ್ತು.

“ಅವು ಯಾವನ್ನೂ ಬರಿಯೋ ಅಗತ್ಯ ಇಲ್ರಿ,” ಅಂದೆ.

“ಯಾವಾಗಿಂದ?”

“ಮೊದಲಿನ ದಿನದಿಂದನೂ ಇರಲಿಲ್ಲ.”

ಅವರು ಬೈಯಲಿಲ್ಲ. ಚೀಲದಿಂದ ಒಂದು ಲಕೋಟೆ ತೆಗೆದು ಟೇಬಲ್ಲಿನ ಮೇಲಿಟ್ಟರು. ಮಾರಿದ್ದರಿಂದ ಬಂದ ಹಣವೆಲ್ಲ ಅದರಲ್ಲಿತ್ತು. “ಸರಕಾರದ್ದು ಎಷ್ಟು, ನಂದು ಎಷ್ಟು ನೀವು ಹೇಳತೀರಿ ಅಂತ ಮುಟ್ಟಿಲ್ಲ ನಾ. ಬಚ್ಚಲ ಕಟ್ಟಸಲಿಲ್ಲ. ನೋಡಿ ಹೋದ ಹುಡುಗ್ಯಾರು ಬಚ್ಚಲಿಲ್ಲ ಅಂತ ಬ್ಯಾರೆ ಕಡೆ ಹೋದ್ರು. ಅದು ಹೋಗಲಿ. ನೀವು ನೋಡಬೇಕು, ನೋಡಬೇಕು ಅಂದಾಗೆಲ್ಲಾ ನಾ ಏನೋ ತಪ್ಪು ಮಾಡಾಕತ್ತೇನಿ ಅನ್ಕೊಂಡೆ. ಅವರ ಸಾಮಾನು ಮಾರಬಾರದಾಗಿತ್ತೇನೋ ಅಂತ ಎಷ್ಟು ದಿನ ನಿದ್ದಿ ಇಲ್ಲ ನನಗ.”

ನಾನು ಎಂಟು ತಿಂಗಳು ಆ ಮುಖವನ್ನು ನೋಡುತ್ತಲೇ ಕೂತಿದ್ದೆ, ಇದೊಂದನ್ನು ಮಾತ್ರ ನೋಡಿರಲಿಲ್ಲ.

“ಯಾಕ ಹಿಂಗ ಮಾಡಿದ್ರಿ?” ಎಂದು ಕೇಳಿದರು.

ಇದಕ್ಕೂ ಉತ್ತರ ಒಂದೇ ವಾಕ್ಯ. ನಿಯಮಕ್ಕಿಂತ ಚಿಕ್ಕದು. ನಾನು, “ಕಾಯ್ದೆ ಬದಲಾಗಬಹುದು ಅಂತ…” ಅಂದೆ. ಅಂದಕೂಡಲೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವರು ಕಾದರು. ಉತ್ತರ ಗೊತ್ತಿದ್ದೂ ತಡವರಿಸುವ ಹುಡುಗನಿಗೆ ಮಾಸ್ತರು ಕೊಡುವ ಹಾಗೆ ಇನ್ನೊಂದು ಅವಕಾಶ ಕೊಟ್ಟರು.

“ಇನ್ನೊಮ್ಮೆ ಕೇಳತೇನಿ ವಕೀಲರ. ಯಾಕ?”

ನಾನು ರಿಜಿಸ್ಟರಿನ ಮೇಲಿನ ಹಿಟ್ಟನ್ನು ಕೈಯಿಂದ ಒರೆಸಿದೆ. ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಹತ್ತಿರ ಹೇಳಲೇಬೇಕಾದ ಮಾತೊಂದು ಇತ್ತು, ಕಂಡವರ ತಪ್ಪೆಲ್ಲ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ ನಾನು ಅದನ್ನು ಹೇಳಲಿಲ್ಲ. ಅವರು ಲಕೋಟೆ, ನೋಟ್‌ಬುಕ್ಕು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಎದ್ದರು. ಕುರ್ಚಿಯನ್ನು ಟೇಬಲ್ಲಿನ ಒಳಗೆ ಸರಿಸಿ ಇಳಿದು ಹೋದರು. ಆ ದಿನ ಕಿಟಕಿಯಲ್ಲಿ ನಿಲ್ಲುವ ಧೈರ್ಯವಾಗಲಿಲ್ಲ.

ಡಬ್ಬಿ ನನ್ನ ಟೇಬಲ್ಲಿನ ಮೇಲೆಯೇ ಉಳಿಯಿತು. ಉಂಡಿ ಹನ್ನೊಂದು ಇದ್ದವು. ದಿನಕ್ಕೊಂದರಂತೆ ತಿಂದೆ.

ಆ ಜುಲೈಯಲ್ಲಿ ಅವರ ಫಾರ್ಮು ಬರಲಿಲ್ಲ; ಹೆಡ್‌ಮಾಸ್ತರರನ್ನು ಸುತ್ತು ಬಳಸಿ ಕೇಳಿದೆ, ಮೇಡಂ ತಾವೇ ತುಂಬಿ ಕೊಟ್ಟರಂತೆ. ಮರುವರ್ಷ ಟಪಾಲಿನಲ್ಲಿ ಒಂದು ಲಕೋಟೆ ಬಂತು. ಸಂಬಳದ ಕಾಗದ, ಮೇಲಿನ ಖೋಲಿಯ ಬಾಡಿಗೆಯ ವಿವರ, ನನ್ನ ಫೀಗೆ ಒಂದು ಡಿಮ್ಯಾಂಡ್ ಡ್ರಾಫ್ಟು. ಬಾಡಿಗೆ ಬರುತ್ತಿದೆ, ಅಂದರೆ ಬಚ್ಚಲು ಕಟ್ಟಿಸಿದ್ದಾರೆ ಎಂದು ಸಮಾಧಾನವಾಯಿತು. ಕಾಗದಗಳ ಕೊನೆಗೆ ಗೆರೆ ಎಳೆದ ಅರ್ಧ ಹಾಳೆ ಪಿನ್ನು ಮಾಡಿತ್ತು, ನನ್ನ ರಿಜಿಸ್ಟರಿನ ಕಾಲಮ್ಮುಗಳಂತೆಯೇ. ದುಂಡಗಿನ ಅಕ್ಷರದಲ್ಲಿ ಎರಡು ಸಾಲು ಬರೆದಿದ್ದರು.

ಮೊದಲನೆಯದು: ವಸ್ತು, ಯಜಮಾನರ ಕೈಗಡಿಯಾರ. ಕೊಂಡ ವರ್ಷ, ಮದುವೆಯ ವರ್ಷ. ಬಳಕೆ, ದಿನಾಲೂ. ಮಾರಿದೆ. ಫಾರ್ಮಿನಲ್ಲಿ ಬರೆಯಬೇಕೇ? ಒಂದೇ ವಾಕ್ಯದಲ್ಲಿ ಉತ್ತರಿಸಿರಿ.

ಎರಡನೆಯದು: ವಸ್ತು, ಸ್ಟೀಲಿನ ಡಬ್ಬಿ, ಒಂದು. ಇರುವ ಸ್ಥಳ, ಹುಬ್ಬಳ್ಳಿ. ಬಳಕೆ, ಎಂದು ಬರೆದು ಮುಂದೆ ಖಾಲಿ ಗೆರೆ ಬಿಟ್ಟಿದ್ದರು, ಮಕ್ಕಳಿಗೆ ಬಿಟ್ಟ ಸ್ಥಳ ತುಂಬಲು ಬಿಡುವ ಹಾಗೆ.

ಮೊದಲನೆಯದಕ್ಕೆ “ಬರೆಯುವ ಅಗತ್ಯವಿಲ್ಲ” ಎಂದು ಕೂಡಲೇ ಬರೆದೆ. ಎರಡನೆಯದರ ಮುಂದೆ ಪೆನ್ನು ಹಿಡಿದು ಅರ್ಧ ದಿನ ಕೂತೆ. ಗೆರೆ ಉದ್ದವಾಗಿತ್ತು, ಒಂದು ಪೂರ್ತಿ ವಾಕ್ಯ ಹಿಡಿಸುವಷ್ಟು. ಅವರು ಬೇಕೆಂದೇ ಅಷ್ಟು ಉದ್ದ ಎಳೆದಿದ್ದರು ಎಂದು ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ. ನಾನು “ದಿನಾಲೂ” ಎಂದು ಬರೆದು, ಉಳಿದ ಗೆರೆಯನ್ನು ಹಾಗೆಯೇ ಬಿಟ್ಟು, ಲಕೋಟೆ ಅಂಟಿಸಿದೆ.

ಅದರ ಮುಂದಿನ ವರ್ಷವೂ ಕಾಗದ ಬಂದವು, ಅದರ ಮುಂದಿನ ವರ್ಷವೂ. ಅರ್ಧ ಹಾಳೆ ಮತ್ತೆಂದೂ ಬರಲಿಲ್ಲ. ಆಮೇಲೆ ಎಲ್ಲರೂ ಕಂಪ್ಯೂಟರಿನಲ್ಲೇ ಫಾರ್ಮು ತುಂಬತೊಡಗಿದರು, ಟಪಾಲೂ ನಿಂತಿತು.

ಧಾರವಾಡದ ಬಸ್ಸಿಗೆ ಈಗ ಕಾಯುವುದೂ ಬೇಡ, ಒಂದು ಹೋದರೆ ಇನ್ನೊಂದು ಬರುತ್ತದೆ. ವರ್ಷಕ್ಕೆ ಒಂದೆರಡು ಸಲ ಡಬ್ಬಿಯನ್ನು ತೊಳೆದು, ಒರೆಸಿ, ಖಾಲಿ ಕೊಡಬಾರದೆಂದು ಅಂಗಡಿಯಿಂದ ಸಕ್ಕರೆ ತಂದು ತುಂಬುತ್ತೇನೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಡಬ್ಬಿಯನ್ನು ಕೈಚೀಲದಲ್ಲಿಟ್ಟು, ಬಸ್ ಸ್ಟಾಪಿನವರೆಗೂ ಹೋಗುತ್ತೇನೆ. ಎರಡು ಮೂರು ಬಸ್ಸು ಬಿಟ್ಟು ಮನೆಗೆ ಮರಳುತ್ತೇನೆ. ಮರುದಿನ ಬೆಳಿಗ್ಗೆ ಅದರಿಂದಲೇ ಒಂದು ಚಮಚ ತೆಗೆದು ಚಹಾಕ್ಕೆ ಹಾಕುತ್ತೇನೆ. ಮನೆಯಲ್ಲಿ ಒಬ್ಬನೇ ಆದ್ದರಿಂದ ಆ ಸಕ್ಕರೆ ಮುಗಿಯಲು ಒಂದೂವರೆ ತಿಂಗಳು ಬೇಕಾಗುತ್ತದೆ.